ಪದರ ಶಿಲೆಯನ್ನು ಓದುವುದು ಹೇಗೆ? ಕಣದಿಂದ ಕಡಲಿನವರೆಗೆ ಒಂದು ಮಾರ್ಗದರ್ಶಿ

ಗುಡ್ಡ ಕಡಿದ ಜಾಗದಲ್ಲಿ ಪದರ ಪದರವಾಗಿ ಕಲ್ಲು ಕಂಡಾಗ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, "ಇದು ಯಾವ ಕಲ್ಲು?" ಅಂತ. ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿದೆ: "ಇದನ್ನು ಇಲ್ಲಿಗೆ ತಂದು ಹಾಕಿದ್ದು ಯಾವುದು?" ಹರಿಯುವ ನೀರೋ, ಗಾಳಿಯೋ, ಹಿಮವೋ, ಅಥವಾ ಅಲ್ಲೇ ಬದುಕಿ ಸತ್ತ ಜೀವಿಗಳೋ? ಇದಕ್ಕೆ ಉತ್ತರ ಸಿಕ್ಕರೆ ಕಲ್ಲಿನ ಹೆಸರು ತಾನಾಗಿಯೇ ಹಿಂದೆ ಬರುತ್ತದೆ. ಜೊತೆಗೆ ಆ ಕಾಲದ ನದಿ, ಕೆರೆ, ಕಡಲು ಹೇಗಿತ್ತು ಅನ್ನುವುದೂ ತಿಳಿಯುತ್ತದೆ.

ಭೂಮಿಯ ನೆಲದ ಸುಮಾರು ಮುಕ್ಕಾಲು ಭಾಗದ ಮೇಲ್ಮೈಯಲ್ಲಿ ಇರುವುದು ಪದರ ಶಿಲೆಗಳೇ. ಶಾಲೆಯಲ್ಲಿ ಇವನ್ನು ಜಲಜ ಶಿಲೆ ಎಂದು ಓದಿರುತ್ತೀರಿ. ಹಾಗಾಗಿ ಓದಲು ಕಲ್ಲು ಹುಡುಕಿಕೊಂಡು ತುಂಬಾ ದೂರ ಹೋಗಬೇಕಾಗಿಲ್ಲ. ಬೇಕಾಗಿರುವುದು ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಅನ್ನುವ ಕ್ರಮ.

ಮೊದಲು ಇಷ್ಟು ತಿಳಿದಿರಲಿ: ಕಲ್ಲು ಪುಡಿಯಾಗಿ ಮತ್ತೆ ಕಲ್ಲಾಗುವ ಬಗೆ

ಒಂದು ಗ್ರಾನೈಟ್ ಬಂಡೆಯಿಂದ ಶುರುಮಾಡೋಣ. ಅದರಲ್ಲಿ ಮುಖ್ಯವಾಗಿ ಇರುವುದು ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ಮತ್ತು ಅಭ್ರಕ. ಮಳೆನೀರಿನಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ, ನೀರು ತುಸು ಆಮ್ಲವಾಗುತ್ತದೆ. ಈ ನೀರು ವರ್ಷಗಟ್ಟಲೆ ಬಂಡೆಯ ಮೇಲೆ ಕೆಲಸ ಮಾಡುತ್ತಾ ಹೋಗುತ್ತದೆ. ಫೆಲ್ಡ್‌ಸ್ಪಾರ್ ಕೊಳೆತು ಜೇಡಿಮಣ್ಣಾಗುತ್ತದೆ. ಕ್ವಾರ್ಟ್ಜ್ ಗಟ್ಟಿ, ಅದು ಕರಗುವುದು ತೀರಾ ಕಡಿಮೆ. ಬಂಡೆ ಸಡಿಲವಾದಾಗ ಅದು ಮರಳಾಗಿ ಉದುರುತ್ತದೆ. ಕ್ಯಾಲ್ಸಿಯಂ, ಸೋಡಿಯಂನಂಥವು ನೀರಲ್ಲಿ ಕರಗಿ ಹೊಳೆ ಹಿಡಿದು ಕಡಲು ಸೇರುತ್ತವೆ.

ಹೀಗೆ ಒಂದೇ ಬಂಡೆಯಿಂದ ಮೂರು ದಾರಿ ಒಡೆಯುತ್ತದೆ. ಮರಳು ಮುಂದೆ ಮರಳುಗಲ್ಲಾಗುತ್ತದೆ. ಜೇಡಿ ಶೇಲ್ ಎಂಬ ತೆಳುಪದರಗಳ ಕಲ್ಲಾಗುತ್ತದೆ. ಕರಗಿದ ಕ್ಯಾಲ್ಸಿಯಂ ಅನ್ನು ಹವಳ, ಚಿಪ್ಪುಜೀವಿಗಳು ಹೀರಿಕೊಂಡು ತಮ್ಮ ಮನೆ ಕಟ್ಟುತ್ತವೆ, ಅವು ಸತ್ತು ರಾಶಿಬಿದ್ದು ಸುಣ್ಣಕಲ್ಲು ಆಗುತ್ತದೆ. ನಿಮ್ಮ ಮುಂದಿನ ಕಲ್ಲು ಈ ಮೂರರಲ್ಲಿ ಯಾವ ದಾರಿಯಲ್ಲಿ ಬಂದದ್ದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಸುಮ್ನೆ ರಾಶಿಬಿದ್ದರೆ ಕಲ್ಲಾಗುವುದಿಲ್ಲ. ಮೇಲೆ ಮೇಲೆ ಇನ್ನಷ್ಟು ಹೂಳು ಬೀಳಬೇಕು. ಆಗಷ್ಟೇ ಕೂತ ಕೆಸರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ನೀರೇ ಇರುತ್ತದೆ. ಮೇಲಿನ ಭಾರಕ್ಕೆ ಆ ನೀರು ಹಿಂಡಿ ಹೊರಗೆ ಹೋಗುತ್ತದೆ, ಪದರ ತೆಳುವಾಗುತ್ತದೆ. ಮರಳು ಅಷ್ಟಾಗಿ ಕುಗ್ಗುವುದಿಲ್ಲ. ಅದರ ಕಣಗಳ ನಡುವಿನ ಸಂದಿಯಲ್ಲಿ ನೆಲದೊಳಗಿನ ನೀರು ಹರಿಯುತ್ತಾ, ತಾನು ಹೊತ್ತು ತಂದ ಸುಣ್ಣ, ಸಿಲಿಕಾ ಅಥವಾ ಕಬ್ಬಿಣದ ಆಕ್ಸೈಡನ್ನು ಬಿಟ್ಟುಹೋಗುತ್ತದೆ. ಕಣಗಳನ್ನು ಹಿಡಿದು ಕಟ್ಟುವ ಅಂಟು ಇದೇ. ಸಿಲಿಕಾ ಅಂಟಿದ ಮರಳುಗಲ್ಲು ಸುತ್ತಿಗೆಗೂ ಸುಲಭಕ್ಕೆ ಜಗ್ಗುವುದಿಲ್ಲ. ಅಂಟು ಸರಿಯಾಗಿ ಹಿಡಿಯದ ಮರಳುಗಲ್ಲನ್ನು ಬೆರಳಲ್ಲೇ ಉದುರಿಸಬಹುದು.

ಹೊರಡುವ ಮುನ್ನ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಲೆನ್ಸ್, ಅಳತೆ ಪಟ್ಟಿ, ದಿಕ್ಸೂಚಿ, ನೋಟ್‌ಬುಕ್, ಪೆನ್ಸಿಲ್, ಒಂದು ಬಾಟಲಿ ನೀರು. ಸುಣ್ಣ ಪರೀಕ್ಷೆಗೆ ತುಂಬಾ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಮ್ಲ ಇದ್ದರೆ ಒಳ್ಳೆಯದು. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಬಳಸಿ. ಇಲ್ಲದಿದ್ದರೆ ವಿನೆಗರ್ ಸಾಕು, ಗುಳ್ಳೆ ನಿಧಾನವಾಗಿ ಬರುತ್ತದೆ ಅಷ್ಟೆ. ಕಡಿದಾದ ಗೋಡೆಯ ಬುಡದಲ್ಲಿ ನಿಲ್ಲುವ ಮೊದಲು ತಲೆಯೆತ್ತಿ ಸಡಿಲ ಕಲ್ಲು ಇದೆಯೇ ನೋಡಿ. ಸಂರಕ್ಷಿತ ಜಾಗದಲ್ಲಿ ಕಲ್ಲು ಒಡೆಯಬೇಡಿ. ಇಲ್ಲಿ ಹೇಳುವ ಓದಿನಲ್ಲಿ ಬಹುಪಾಲು ಕಲ್ಲಿಗೆ ಏಟು ಹಾಕದೆಯೇ ಮಾಡಬಹುದಾದದ್ದು.

ಹೆಜ್ಜೆ 1: ದೂರ ನಿಂತು ನೋಡಿ

ಹತ್ತಿರ ಓಡಬೇಡಿ. ಇಡೀ ಗೋಡೆ ಕಾಣುವಷ್ಟು ಹಿಂದೆ ನಿಲ್ಲಿ. ಪದರಗಳು ಮಟ್ಟಸವಾಗಿವೆಯೇ, ವಾಲಿವೆಯೇ, ಮಡಚಿವೆಯೇ? ಯಾವ ಪದರ ದಪ್ಪ, ಯಾವುದು ತೆಳು? ಒಂದು ಪದರ ಅಡ್ಡಕ್ಕೆ ಹೋಗ್ತಾ ಹೋಗ್ತಾ ಸಣ್ಣಗಾಗಿ ಮಾಯವಾಗುತ್ತದೆಯೇ? ಇದನ್ನೆಲ್ಲ ಒಂದು ಒರಟು ಚಿತ್ರವಾಗಿ ಬರೆದುಕೊಳ್ಳಿ. ಫೋಟೋ ಇದ್ದರೂ ಬರೆಯಿರಿ. ಬರೆಯುವಾಗ ಕಣ್ಣು ನಿಲ್ಲುವ ಕಡೆ ಫೋಟೋ ತೆಗೆಯುವಾಗ ನಿಲ್ಲುವುದಿಲ್ಲ.

ಈ ಹೆಜ್ಜೆಗೆ ಆಧಾರವಾದ ಮೂರು ಮಾತನ್ನು ನಿಕೋಲಸ್ ಸ್ಟೆನೋ 1669ರಲ್ಲೇ ಬರೆದಿಟ್ಟ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಪದರಗಳು ಕೂರುವಾಗ ಹೆಚ್ಚುಕಡಿಮೆ ಮಟ್ಟಸವಾಗಿಯೇ ಕೂರುತ್ತವೆ, ವಾಲಿದ್ದರೆ ಅದು ಆಮೇಲೆ ಆದದ್ದು. ಒಂದು ಪದರ ತಾನು ತುಂಬಿದ ತಗ್ಗಿನ ಅಂಚಿನವರೆಗೂ ಹರಡಿರುತ್ತದೆ, ಹಾಗಾಗಿ ಕಣಿವೆಯ ಈ ಬದಿ ಕಂಡ ಪದರ ಆ ಬದಿಯಲ್ಲೂ ಸಿಗಬಹುದು. ಮೂರನೆಯ ಮಾತನ್ನು ಮರೆಯಬೇಡಿ, ಕೊನೆಯಲ್ಲಿ ಬೇಕಾಗುತ್ತದೆ.

ಹೆಜ್ಜೆ 2: ಕಣದ ಗಾತ್ರ

ಈಗ ಹತ್ತಿರ ಹೋಗಿ. ಹಸಿ ಒಡಕು ಇರುವ ಕಡೆ ನೋಡಿ. ಬಿಸಿಲು ಮಳೆಗೆ ಮಾಸಿದ ಮೇಲ್ಮೈ ಮೋಸ ಮಾಡುತ್ತದೆ. ಕಲ್ಲಿಗೆ ಸ್ವಲ್ಪ ನೀರು ಹಚ್ಚಿದರೆ ಕಣಗಳು ಚೆನ್ನಾಗಿ ಎದ್ದು ಕಾಣುತ್ತವೆ.

ಭೂವಿಜ್ಞಾನಿಗಳು ಇಂದಿಗೂ ಬಳಸುವ ಅಳತೆಯನ್ನು ಚೆಸ್ಟರ್ ವೆಂಟ್‌ವರ್ತ್ 1922ರಲ್ಲಿ ಪ್ರಕಟಿಸಿದ. 2 ಮಿಲಿಮೀಟರಿಗಿಂತ ದೊಡ್ಡದು ಜಲ್ಲಿ. 2 ಮಿ.ಮೀ.ನಿಂದ ಮಿಲಿಮೀಟರಿನ ಹದಿನಾರನೇ ಒಂದು ಭಾಗದವರೆಗೆ ಮರಳು. ಅದಕ್ಕಿಂತ ಸಣ್ಣದು ಮೆಕ್ಕಲು, ಅದಕ್ಕೂ ಸಣ್ಣದು ಜೇಡಿ. ಕಣ್ಣಿಗೆ ಬಿಡಿಯಾಗಿ ಕಂಡರೆ ಮರಳು. ಕಾಣದೆ ಬೆರಳಿಗೆ ತರಿತರಿ ಅನಿಸಿದರೆ ಮೆಕ್ಕಲು. ನುಣ್ಣಗೆ ಜಾರಿದರೆ ಜೇಡಿ.

ಗಾತ್ರ ಯಾಕೆ ಇಷ್ಟು ಮುಖ್ಯ? ದೊಡ್ಡ ಕಣ ಹೊರಲು ಜಾಸ್ತಿ ಶಕ್ತಿ ಬೇಕು. ಮುಷ್ಟಿ ಗಾತ್ರದ ಉರುಟು ಕಲ್ಲುಗಳಿದ್ದರೆ ಅಲ್ಲಿ ರಭಸದ ನೀರು ಇತ್ತು. ಗಾಳಿಗೆ ಅದನ್ನು ಎತ್ತಲಾಗುವುದಿಲ್ಲ. ಮಂಗಳ ಗ್ರಹದಲ್ಲಿ ಕ್ಯೂರಿಯಾಸಿಟಿ ರೋವರ್ 2012ರಲ್ಲಿ ಗೇಲ್ ಕುಳಿಯಲ್ಲಿ ಉರುಟು ಕಲ್ಲುಗಳು ಅಂಟಿಕೊಂಡ ಶಿಲೆಯನ್ನು ಕಂಡಾಗ, ಅಲ್ಲಿ ಹಿಂದೆ ಹೊಳೆ ಹರಿದಿತ್ತು ಎಂದು ತೀರ್ಮಾನಿಸಿದ್ದು ಇದೇ ತರ್ಕದಿಂದ. ಬೇರೆ ಗ್ರಹಕ್ಕೂ ನಡೆಯುವ ತರ್ಕ ಇದು, ನೋಡಿ.

ಗಾತ್ರದ ಜೊತೆ ಇನ್ನೆರಡನ್ನು ಗಮನಿಸಿ. ಕಣಗಳೆಲ್ಲ ಒಂದೇ ಗಾತ್ರದವೋ, ಬೆರಕೆಯೋ? ಚೂಪೋ, ಉರುಟೋ? ಗಾಳಿ ಮತ್ತು ಕಡಲ ಅಲೆ ಕಣಗಳನ್ನು ಚೆನ್ನಾಗಿ ಜಾಲಿಸಿಬಿಡುತ್ತವೆ, ಹಾಗಾಗಿ ಒಂದೇ ಗಾತ್ರದ ಉರುಟು ಕಣಗಳು ಸಿಗುತ್ತವೆ. ಚೂಪು ಕಣಗಳ ಜೊತೆ ಫೆಲ್ಡ್‌ಸ್ಪಾರ್ ಇನ್ನೂ ಹಾಗೇ ಉಳಿದಿದ್ದರೆ ಮೂಲ ಬಂಡೆ ಹತ್ತಿರದಲ್ಲೇ ಇತ್ತು, ಅಥವಾ ಅಲ್ಲಿನ ಹವೆ ಒಣಗಿತ್ತು ಇಲ್ಲವೇ ತಣ್ಣಗಿತ್ತು ಎಂದು ಹೇಳಬಹುದು. ಬಂಡೆಯಿಂದ ಹಿಡಿದು ಹಿಟ್ಟಿನಂಥ ಪುಡಿಯವರೆಗೆ ಎಲ್ಲವೂ ಗೊತ್ತುಗುರಿ ಇಲ್ಲದೆ ಸೇರಿದ್ದರೆ ಹಿಮನದಿ ಅಥವಾ ಕೆಸರಿನ ಪ್ರವಾಹ ಎರಡನ್ನೂ ಯೋಚಿಸಿ. ಕಲ್ಲುಗಳ ಮೈಮೇಲೆ ಉಜ್ಜಿದ ನೇರ ಗೀರುಗಳಿದ್ದರೆ ಹಿಮದ ಕಡೆಗೆ ತೂಕ ಜಾಸ್ತಿ.

ಒಂದು ಎಚ್ಚರಿಕೆ. ಜೇಡಿ ಕಂಡ ಕೂಡಲೇ "ನಿಂತ ನೀರು" ಅಂತ ಬರೆಯುವುದು ಹಳೆಯ ಅಭ್ಯಾಸ. ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ, ಹರಿಯುವ ನೀರಿನಲ್ಲೂ ಮರಳಿನ ಹಾಗೆ ಉರುಳಿ ಪದರವಾಗಿ ಕೂರಬಲ್ಲವು ಎಂದು 2007ರಲ್ಲಿ ಪ್ರಕಟವಾದ ನೀರ್ಗಾಲುವೆ ಪ್ರಯೋಗಗಳು ತೋರಿಸಿವೆ. ಹಾಗಾಗಿ ಜೇಡಿಗೆ ಬೇರೆ ಸಾಕ್ಷಿ ಬೇಕೇ ಬೇಕು.

ಹೆಜ್ಜೆ 3: ಪದರದ ಒಳಗಿನ ಗೆರೆಗಳು

ನನ್ನ ಪ್ರಕಾರ ಇಡೀ ಕೆಲಸದ ತಿರುಳು ಇದೇ. ಕಣ ಎಲ್ಲಿಂದಲೋ ಬಂದಿರುತ್ತದೆ. ಆದರೆ ಗೆರೆ ಮೂಡಿದ್ದು ಅಲ್ಲೇ, ಆ ಜಾಗದಲ್ಲೇ, ಆ ಕ್ಷಣದಲ್ಲೇ. ಒಂದು ದಿನ ಇಲ್ಲಿ ಮೀಸಲಿಟ್ಟರೂ ನಷ್ಟವಿಲ್ಲ.

ಮೊದಲು ಅಲೆಗುರುತು. ಪದರದ ಮೇಲ್ಮೈಯಲ್ಲಿ ಸಾಲು ಸಾಲು ಉಬ್ಬು ಕಂಡರೆ ಅದರ ಅಡ್ಡಕೊಯ್ತ ಸಿಗುವ ಕಡೆ ಹೋಗಿ. ಉಬ್ಬಿನ ಎರಡೂ ಬದಿ ಒಂದೇ ಇಳಿಜಾರಿದ್ದರೆ ನೀರು ಹಿಂದಕ್ಕೂ ಮುಂದಕ್ಕೂ ತೂಗಿದೆ. ಅಂದರೆ ದಡದ ಹತ್ತಿರದ ಅಲೆ. ಒಂದು ಬದಿ ಮೆಲ್ಲನೆಯ ಇಳಿಜಾರು, ಇನ್ನೊಂದು ಕಡಿದು ಇದ್ದರೆ ನೀರು ಒಂದೇ ಕಡೆ ಹರಿದಿದೆ. ಕಡಿದಾದ ಬದಿ ನೋಡುತ್ತಿರುವ ದಿಕ್ಕೇ ಹರಿವಿನ ದಿಕ್ಕು. ದಿಕ್ಸೂಚಿ ತೆಗೆದು ಬರೆದುಕೊಳ್ಳಿ.

ಮುಂದೆ ಓರೆ ಪದರ. ದೊಡ್ಡ ಮಟ್ಟಸ ಪದರದ ಒಳಗೆ ಸಣ್ಣ ಗೆರೆಗಳು ಓರೆಯಾಗಿ ಇಳಿದಿರುತ್ತವೆ. ನೀರೋ ಗಾಳಿಯೋ ಮರಳಿನ ದಿಬ್ಬವನ್ನು ಮುಂದೆ ತಳ್ಳುವಾಗ, ಕಣಗಳು ದಿಬ್ಬದ ಬೆನ್ನೇರಿ ಮುಂದಿನ ಕಡಿದಾದ ಬದಿಗೆ ಜಾರಿ ಬೀಳುತ್ತವೆ. ಪ್ರತಿ ಜಾರಿಕೆ ಒಂದು ಓರೆ ಗೆರೆ. ಗೆರೆ ಇಳಿದ ದಿಕ್ಕಿಗೇ ದಿಬ್ಬ ಸಾಗಿದೆ. ಈಗ ಅದರ ಎತ್ತರ ಅಳೆಯಿರಿ. ಕೆಲವು ಸೆಂಟಿಮೀಟರ್ ಇದ್ದರೆ ಸಣ್ಣ ಅಲೆಗುರುತು. ಹಲವು ಮೀಟರ್ ಎತ್ತರದ, ಮೂವತ್ತು ಡಿಗ್ರಿಯ ಆಸುಪಾಸು ಇಳಿದ, ಒಂದೇ ಗಾತ್ರದ ಕಣಗಳ ಓರೆ ಪದರ ಇದ್ದರೆ ಮರುಭೂಮಿಯ ಮರಳುದಿಬ್ಬ ಇರುವ ಸಾಧ್ಯತೆ ಜಾಸ್ತಿ. ಅಮೆರಿಕದ ಜಯಾನ್ ಕಣಿವೆಯ ನವಾಹೋ ಮರಳುಗಲ್ಲು ಇದಕ್ಕೆ ಹೆಸರಾದ ಉದಾಹರಣೆ. ಜುರಾಸಿಕ್ ಕಾಲದ ಒಂದು ಮಹಾ ಮರಳುಗಾಡು ಅಲ್ಲಿ ಕಲ್ಲಾಗಿ ನಿಂತಿದೆ.

ಓರೆ ಪದರ ಇನ್ನೊಂದು ಉಪಕಾರ ಮಾಡುತ್ತದೆ. ಗೆರೆಗಳು ತಳದಲ್ಲಿ ನಿಧಾನವಾಗಿ ಬಾಗಿ ನೆಲಕ್ಕೆ ತಾಗುತ್ತವೆ, ಮೇಲ್ಗಡೆ ಮಾತ್ರ ಕತ್ತರಿಸಿದ ಹಾಗೆ ಥಟ್ಟನೆ ನಿಲ್ಲುತ್ತವೆ. ಮುಂದಿನ ದಿಬ್ಬ ಬಂದು ಹಿಂದಿನದರ ತಲೆ ಸವೆಸಿದ್ದರಿಂದ ಹೀಗೆ. ಬಾಗಿದ ಬದಿ ಮೇಲೆ, ಕತ್ತರಿಸಿದ ಬದಿ ಕೆಳಗೆ ಕಂಡರೆ ಇಡೀ ಪದರರಾಶಿ ತಲೆಕೆಳಗಾಗಿದೆ ಎಂದರ್ಥ. ಮಡಚಿದ ಬೆಟ್ಟಗಳಲ್ಲಿ ಇದು ನಿಜಕ್ಕೂ ಆಗುತ್ತದೆ. ಆಗ ಸ್ಟೆನೋನ ಮೊದಲ ಮಾತನ್ನು ತಿರುಗಿಸಿ ಓದಬೇಕು.

ಕೆಸರಿನ ಬಿರುಕೂ ಹೀಗೆಯೇ ದಿಕ್ಕು ಹೇಳುತ್ತದೆ. ಒಣಗಿದ ಕೆಸರು ಬಿರಿದಾಗ ಬಿರುಕು ಮೇಲೆ ಅಗಲ, ಕೆಳಗೆ ಚೂಪು. ಆಮೇಲೆ ಬಂದ ಮರಳು ಅದರೊಳಗೆ ತುಂಬಿಕೊಳ್ಳುತ್ತದೆ. ಬಿರುಕು ಕಂಡರೆ ಆ ನೆಲ ಒದ್ದೆಯಾಗಿ ಆಮೇಲೆ ಬಿಸಿಲಿಗೆ ಒಣಗಿತ್ತು ಎಂದು ಧೈರ್ಯವಾಗಿ ಬರೆಯಬಹುದು. ಪಕ್ಕದಲ್ಲಿ ಮಳೆಹನಿಯ ಗುಳಿಗಳೂ ಇದ್ದರೆ ಇನ್ನೂ ಚೆನ್ನ.

ಕೊನೆಯದು, ದಪ್ಪ ಕಣದಿಂದ ಸಣ್ಣ ಕಣಕ್ಕೆ ಏರುವ ಪದರ. ತಳದಲ್ಲಿ ದಪ್ಪ ಮರಳು, ಮೇಲೇರಿದಂತೆ ಸಣ್ಣ ಮರಳು, ಮೆಕ್ಕಲು, ಕೊನೆಗೆ ಜೇಡಿ. ಮತ್ತೆ ಅದೇ ಕ್ರಮ, ಮತ್ತೆ ಮತ್ತೆ, ನೂರಾರು ಸಲ. ಆಳ ಕಡಲಲ್ಲಿ ಮರಳು ಹೇಗೆ ಬಂತು ಎನ್ನುವುದು ಬಹುಕಾಲ ಒಗಟಾಗಿತ್ತು. 1929ರ ನವೆಂಬರ್ 18ರಂದು ನ್ಯೂಫೌಂಡ್‌ಲ್ಯಾಂಡ್ ಬಳಿಯ ಗ್ರಾಂಡ್ ಬ್ಯಾಂಕ್ಸ್‌ನಲ್ಲಿ ಭೂಕಂಪವಾಯಿತು. ಕಡಲ ತಳದ ಟೆಲಿಗ್ರಾಫ್ ಕೇಬಲ್‌ಗಳು ತುಂಡಾದವು. ಕಂಪನದ ಹತ್ತಿರ ಇದ್ದವು ಕೂಡಲೇ ಹೋದವು. ಇಳಿಜಾರಿನಲ್ಲಿ ಕೆಳಗಿದ್ದವು ಒಂದಾದ ಮೇಲೊಂದು, ಗಂಟೆಗಳ ಅಂತರದಲ್ಲಿ ಕಡಿದವು. 1952ರಲ್ಲಿ ಬ್ರೂಸ್ ಹೀಜನ್ ಮತ್ತು ಮಾರಿಸ್ ಯೂಯಿಂಗ್ ಆ ಸಮಯಗಳನ್ನು ಇಟ್ಟುಕೊಂಡು ವಿವರಣೆ ಕೊಟ್ಟರು: ಭೂಕಂಪಕ್ಕೆ ಜರಿದ ಹೂಳು ನೀರಿನ ಜೊತೆ ಬೆರೆತು, ಭಾರವಾದ ಪ್ರವಾಹವಾಗಿ ಕಡಲ ತಳದಲ್ಲಿ ಓಡಿತ್ತು. ಪ್ರವಾಹ ಸುಸ್ತಾದಂತೆ ದಪ್ಪ ಕಣ ಮೊದಲು ಕೂರುತ್ತದೆ, ಜೇಡಿ ಕೊನೆಗೆ. ಇಂಥ ಪದರದ ತಳವನ್ನು ಬಗ್ಗಿ ನೋಡಿ. ನಾಲಗೆಯಂಥ ಉಬ್ಬುಗಳಿದ್ದರೆ, ಅದರ ದಪ್ಪ ತುದಿ ಇರುವ ಕಡೆಯಿಂದ ಪ್ರವಾಹ ಬಂದಿದೆ.

ಹೆಜ್ಜೆ 4: ಜೀವಿಗಳ ಗುರುತು

ಹವಳ, ಸೀ ಅರ್ಚಿನ್, ಕಡಲ ನಕ್ಷತ್ರದ ಬಳಗ ಸಿಕ್ಕರೆ ಅದು ಕಡಲೇ. ಸಿಹಿನೀರಲ್ಲಿ ಇವು ಬದುಕುವುದಿಲ್ಲ. ಆದರೆ ಚಿಪ್ಪು ಸಿಕ್ಕಿದ್ದು ಅದು ಬದುಕಿದ ಜಾಗದಲ್ಲೇ ಅಂತ ಎಣಿಸಬೇಡಿ. ಚೂರುಚೂರಾದ, ಸವೆದ ಚಿಪ್ಪು ಎಲ್ಲಿಂದಲೋ ಕೊಚ್ಚಿ ಬಂದಿರಬಹುದು. ಎರಡೂ ಕದ ಮುಚ್ಚಿಕೊಂಡ ಚಿಪ್ಪು, ನಿಂತ ಭಂಗಿಯಲ್ಲೇ ಇರುವ ಹವಳ, ಇವು ಅಲ್ಲಿಯವೇ.

ಬಿಲಗಳು ಮತ್ತು ಬೇರುಗಳು ಇನ್ನೂ ನಂಬಿಕಸ್ಥ ಸಾಕ್ಷಿ, ಯಾಕೆಂದರೆ ಬಿಲವನ್ನು ಯಾವ ನೀರೂ ಎತ್ತಿಕೊಂಡು ಬರುವುದಿಲ್ಲ. ಎರಡನ್ನೂ ಗೊಂದಲ ಮಾಡಿಕೊಳ್ಳುವುದು ಸುಲಭ. ಬೇರು ಕೆಳಗಿಳಿದಂತೆ ಸಪೂರವಾಗುತ್ತದೆ, ಕವಲೊಡೆಯುತ್ತದೆ. ಬಿಲದ ಅಗಲ ಸಾಮಾನ್ಯವಾಗಿ ಒಂದೇ ಸಮ ಇರುತ್ತದೆ. ಬೇರು ಅಂದರೆ ಅದು ನೆಲವಾಗಿತ್ತು, ಇಲ್ಲವೇ ಜೌಗಾಗಿತ್ತು. ಬಿಲವೇ ಇಲ್ಲದ, ಕೂದಲೆಳೆಯ ಪದರಗಳು ಕದಡದೆ ಉಳಿದ ಕಪ್ಪು ಶೇಲ್ ಸಿಕ್ಕರೆ, ತಳದಲ್ಲಿ ಉಸಿರಾಡಲು ಆಮ್ಲಜನಕ ಇರಲಿಲ್ಲ ಎಂಬ ಅನುಮಾನ ಗಟ್ಟಿ.

ಪಳೆಯುಳಿಕೆ ಎಷ್ಟು ನಯವಾದ ಸುದ್ದಿ ಹೇಳಬಲ್ಲದು ಎಂಬುದಕ್ಕೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಹವಳದ್ದು. ಹವಳ ಬೆಳೆಯುವಾಗ ಮೈಮೇಲೆ ದಿನಕ್ಕೊಂದು ಸೂಕ್ಷ್ಮ ಗೆರೆ ಮೂಡುತ್ತದೆ, ವರ್ಷಕ್ಕೊಂದು ದೊಡ್ಡ ಪಟ್ಟಿ. ಜಾನ್ ವೆಲ್ಸ್ 1963ರಲ್ಲಿ ಡೆವೋನಿಯನ್ ಕಾಲದ, ಅಂದರೆ ಸುಮಾರು 38 ಕೋಟಿ ವರ್ಷ ಹಳೆಯ ಹವಳಗಳ ಗೆರೆ ಎಣಿಸಿದ. ವರ್ಷಕ್ಕೆ ಸುಮಾರು 400 ಗೆರೆ ಸಿಕ್ಕಿತು. ಅಂದರೆ ಆಗ ವರ್ಷಕ್ಕೆ 400 ದಿನ, ದಿನಕ್ಕೆ ಸುಮಾರು 22 ಗಂಟೆ. ಕಡಲ ಉಬ್ಬರವಿಳಿತದ ಎಳೆತಕ್ಕೆ ಭೂಮಿಯ ಸುತ್ತುವಿಕೆ ನಿಧಾನವಾಗುತ್ತಾ ಬಂದಿದೆ ಎಂದು ಖಗೋಳ ಲೆಕ್ಕ ಹೇಳುತ್ತಿತ್ತು. ಕಲ್ಲು ಅದಕ್ಕೆ ಸಾಕ್ಷಿ ಹೇಳಿತು.

ಹೆಜ್ಜೆ 5: ರಸಾಯನ ಮತ್ತು ಬಣ್ಣ

ಒಂದು ಹನಿ ಆಮ್ಲ ಹಾಕಿ. ಬುಸುಗುಟ್ಟಿ ನೊರೆ ಬಂದರೆ ಸುಣ್ಣಕಲ್ಲು. ಪುಡಿ ಮಾಡಿದ ಮೇಲಷ್ಟೇ ನಿಧಾನವಾಗಿ ಗುಳ್ಳೆ ಬಂದರೆ ಡಾಲಮೈಟ್, ಅಂದರೆ ಮೆಗ್ನೀಸಿಯಂ ಸೇರಿದ ಸುಣ್ಣಕಲ್ಲಿನಂಥ ಕಲ್ಲು, ಇರಬಹುದು. ಮರಳುಗಲ್ಲಿನ ಮೇಲೆ ನೊರೆ ಬಂದರೆ ಗಡಿಬಿಡಿ ಬೇಡ, ಅಂಟು ಮಾತ್ರ ಸುಣ್ಣದ್ದಿರುತ್ತದೆ.

ಜಿಪ್ಸಮ್, ಕಲ್ಲುಪ್ಪು ಸಿಕ್ಕರೆ ನೀರು ಆವಿಯಾಗಿದೆ. ಕಡಲ ನೀರು ಬತ್ತುವಾಗ ಮೊದಲು ಸುಣ್ಣ, ಸುಮಾರು ಐದನೇ ಒಂದು ಭಾಗಕ್ಕೆ ಇಳಿದಾಗ ಜಿಪ್ಸಮ್, ಹತ್ತನೇ ಒಂದು ಭಾಗಕ್ಕೆ ಇಳಿದಾಗ ಉಪ್ಪು ಕೂರುತ್ತದೆ. 1970ರಲ್ಲಿ ಗ್ಲೋಮರ್ ಚಾಲೆಂಜರ್ ಹಡಗು ಮೆಡಿಟರೇನಿಯನ್ ಸಮುದ್ರದ ತಳ ಕೊರೆದಾಗ ಇಂಥ ಪದರಗಳೇ ಮೇಲೆ ಬಂದವು. ಸುಮಾರು 60 ಲಕ್ಷ ವರ್ಷದ ಹಿಂದೆ ಆ ಸಮುದ್ರಕ್ಕೆ ಅಟ್ಲಾಂಟಿಕ್‌ನ ಜೊತೆಗಿನ ಸಂಪರ್ಕ ತೀರಾ ಕಿರಿದಾಗಿ, ಉಪ್ಪು ರಾಶಿಬಿದ್ದಿತ್ತು.

ಬಣ್ಣವನ್ನು ಕೊನೆಗೆ ನೋಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೆಂಪು ಅಂದರೆ ಕಬ್ಬಿಣ ತುಕ್ಕು ಹಿಡಿದಿದೆ, ಅಷ್ಟೆ. ಅದು ಕೂತಾಗಲೇ ಆಯಿತೋ, ಹೂತು ಕೋಟ್ಯಂತರ ವರ್ಷ ಆದ ಮೇಲೋ, ಇಲ್ಲ ಕಳೆದ ಮಳೆಗಾಲದಲ್ಲೋ ಎಂದು ಬಣ್ಣವೊಂದೇ ಹೇಳದು. ಖನಿಜಗಳು ಇದಕ್ಕಿಂತ ಪಕ್ಕಾ. ದಕ್ಷಿಣ ಆಫ್ರಿಕಾದ ವಿಟ್ವಾಟರ್ಸ್‌ರ್ಯಾಂಡ್‌ನ ಹಳೆಯ ನದೀಶಿಲೆಗಳಲ್ಲಿ ಉರುಳಿ ಗುಂಡಗಾದ ಪೈರೈಟ್ (ಕಬ್ಬಿಣ ಮತ್ತು ಗಂಧಕದ ಖನಿಜ) ಕಣಗಳಿವೆ. ಇಂದಿನ ಹೊಳೆಯಲ್ಲಿ ಪೈರೈಟ್ ಅಷ್ಟು ದೂರ ಉರುಳುವ ಮೊದಲೇ ಗಾಳಿಗೆ ತುಕ್ಕಾಗುತ್ತದೆ. ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದರೆ ತಪ್ಪಾಗದು ಎಂಬುದಕ್ಕೆ ಇಂಥ ಕಣಗಳು ದೊಡ್ಡ ಆಧಾರ.

ಹೆಜ್ಜೆ 6: ಕೆಳಗಿನಿಂದ ಮೇಲಕ್ಕೆ ಓದಿ

ಇಷ್ಟು ಹೊತ್ತು ಒಂದೊಂದೇ ಪದರ ನೋಡಿದಿರಿ. ಈಗ ತಳದಿಂದ ಶುರುಮಾಡಿ ಸಾಲಾಗಿ ಬರೆಯಿರಿ: ದಪ್ಪ, ಕಣ, ಗೆರೆ, ಜೀವಿ. ಯೋಹಾನ್ಸ್ ವಾಲ್ಟರ್ 1894ರಲ್ಲಿ ಹೇಳಿದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ನಡುವೆ ಕಡಿತ ಇಲ್ಲದೆ ಒಂದರ ಮೇಲೊಂದು ಕೂತ ಪದರಗಳು, ಒಂದು ಕಾಲಕ್ಕೆ ಅಕ್ಕಪಕ್ಕದಲ್ಲಿ ಇದ್ದ ಪರಿಸರಗಳು. ದಡ ಸರಿದಂತೆ ಪಕ್ಕದ್ದು ಮೇಲೆ ಬಂದು ಕೂರುತ್ತದೆ.

ತಳದಲ್ಲಿ ಕೊರೆದ ಗುರುತು, ಅದರ ಮೇಲೆ ಜಲ್ಲಿ, ಓರೆ ಪದರದ ಮರಳು, ಕೊನೆಗೆ ಬೇರಿರುವ ಜೇಡಿ ಬಂದರೆ ಅದು ಬಳುಕುವ ನದಿ ಪಾತ್ರ ಬದಲಿಸಿದ ಕತೆ. ಇದರ ತಿರುವು ಮುರುವು, ಅಂದರೆ ತಳದಲ್ಲಿ ಶೇಲ್, ಮೇಲೇರಿದಂತೆ ಮೆಕ್ಕಲು, ಮರಳು, ಅದರ ಮೇಲೆ ಕಲ್ಲಿದ್ದಲು ಸಿಕ್ಕರೆ ಡೆಲ್ಟಾ ಕಡಲೊಳಕ್ಕೆ ಬೆಳೆದಿದೆ.

ಹೆಜ್ಜೆ 7: ಇಲ್ಲದ ಕಾಲವನ್ನೂ ಗುರುತಿಸಿ

ಎಲ್ಲ ಕಾಲವೂ ಕಲ್ಲಾಗುವುದಿಲ್ಲ. 1788ರಲ್ಲಿ ಜೇಮ್ಸ್ ಹಟ್ಟನ್ ಸ್ಕಾಟ್ಲೆಂಡಿನ ಸಿಕಾರ್ ಪಾಯಿಂಟ್‌ನಲ್ಲಿ ತೋರಿಸಿದ್ದು ಇದನ್ನೇ. ಕೆಳಗೆ ನೆಟ್ಟಗೆ ನಿಂತ ಬೂದು ಪದರಗಳು, ಅವುಗಳ ಸವೆದ ತಲೆಯ ಮೇಲೆ ಸಣ್ಣಗೆ ವಾಲಿದ ಕೆಂಪು ಮರಳುಗಲ್ಲು. ಆ ಒಂದು ಗೆರೆಯಲ್ಲಿ ಕೋಟ್ಯಂತರ ವರ್ಷ ಕಾಣೆಯಾಗಿದೆ. ಗೋಡೆಯಲ್ಲಿ ಇಂಥ ಗೆರೆ ಕಂಡರೆ ದಪ್ಪಗೆ ಎಳೆದು ಗುರುತು ಹಾಕಿ. ವಾಲ್ಟರನ ನಿಯಮವನ್ನು ಅದರ ಆಚೆ ಈಚೆ ಹೊಂದಿಸಬೇಡಿ. ಪದರದ ದಪ್ಪವನ್ನು ಕಾಲಕ್ಕೆ ಅಳತೆಯಾಗಿ ಹಿಡಿಯಬೇಡಿ. ಆಳ ಕಡಲ ಜೇಡಿ ಕೆಲವೇ ಮಿಲಿಮೀಟರ್ ಕೂರಲು ಸಾವಿರ ವರ್ಷ ತಗೊಳ್ಳುತ್ತದೆ, ಒಂದು ಪ್ರವಾಹ ಒಂದೇ ದಿನದಲ್ಲಿ ಒಂದು ಮೀಟರ್ ಮರಳು ಹಾಕಬಲ್ಲದು.

ಒಂದು ಗೋಡೆಯನ್ನು ಓದಿ ನೋಡೋಣ

ತಳದಲ್ಲಿ ಬೇರಿನ ಗುರುತಿರುವ ಕೆಂಪು ಜೇಡಿಶಿಲೆ. ಅದರ ಮೇಲೆ ಎರಡೂ ಬದಿ ಸಮನಾದ ಅಲೆಗುರುತಿನ, ಉರುಟು ಕಣಗಳ ಮರಳುಗಲ್ಲು. ಅದರ ಮೇಲೆ ಬಿಲಗಳಿರುವ ಬೂದು ಶೇಲ್. ನಡುವೆ ಎಲ್ಲೂ ಕಡಿತದ ಗೆರೆ ಇಲ್ಲ.

ನೋಟ್‌ಬುಕ್ಕಿನ ಎಡ ಪುಟದಲ್ಲಿ ಕಂಡದ್ದು ಮಾತ್ರ, ಬಲ ಪುಟದಲ್ಲಿ ನಿಮ್ಮ ಊಹೆ. ಬಲ ಪುಟದಲ್ಲಿ ಏನು ಬರೆಯುತ್ತೀರಿ? ಗಿಡ ಬೇರುಬಿಟ್ಟ ನೆಲ, ಆಮೇಲೆ ಅಲೆ ಬಡಿಯುವ ದಡ, ಆಮೇಲೆ ಆಳದ ನೀರು. ನೀರು ನೆಲದ ಮೇಲೆ ಏರಿದೆ. ಇಷ್ಟು ಸರಿ. ಕೈ ಮಾತ್ರ "ಕಡಲು ಏರಿತು" ಅಂತ ಬರೆಯಲು ಹವಣಿಸುತ್ತದೆ, ಅಲ್ವಾ? ದೊಡ್ಡ ಸರೋವರದಲ್ಲೂ ಇಂಥ ಅಲೆ ಏಳುತ್ತದೆ, ಇಂಥ ದಡ ಆಗುತ್ತದೆ, ಅದರ ತಳದಲ್ಲೂ ಬಿಲ ತೋಡುವ ಜೀವಿಗಳಿವೆ. ಇಲ್ಲಿಯವರೆಗಿನ ಸಾಕ್ಷಿ ಎರಡಕ್ಕೂ ಹೊಂದುತ್ತದೆ.

ಹಾಗಾಗಿ "ದೊಡ್ಡ ನೀರಿನ ದಡ" ಎಂದು ಬರೆದು, ಕೆಳಗೆ ತೀರ್ಪು ಕೊಡಬಲ್ಲ ಗುರುತುಗಳ ಪಟ್ಟಿ ಮಾಡಿ: ಶೇಲ್‌ನಲ್ಲಿ ಹವಳ ಅಥವಾ ಸೀ ಅರ್ಚಿನ್ ಚೂರು, ಮರಳುಗಲ್ಲಿನಲ್ಲಿ ಉಬ್ಬರವಿಳಿತ ಬಿಟ್ಟ ಜೋಡಿ ಜೇಡಿ ಎಳೆಗಳು, ಕಡಲ ತಳದಲ್ಲೇ ಹುಟ್ಟುವ ಹಸಿರು ಗ್ಲಾಕೊನೈಟ್ ಕಣಗಳು. ಈ ಗೋಡೆಯಲ್ಲಿ ಇವು ಯಾವುದೂ ಸಿಗದಿದ್ದರೆ, ಕಣಿವೆಯ ಆ ಬದಿಗೆ ಹೋಗಿ ಅದೇ ಮರಳುಗಲ್ಲನ್ನು ಹುಡುಕಿ. ಪದರ ಅಲ್ಲಿಗೂ ಹರಡಿರಬಹುದು. ಅದರ ಮೇಲಿನ ಶೇಲ್‌ನಿಂದ ಲೆನ್ಸ್ ಹಿಡಿದು ಶುರುಮಾಡಿ.